ಹೊಗೆ ಪೈಪಿನ ದೂರು

ಮಕ್ಕಳೇ, ನಾನು ಸಂಶಯದ ಹೆಂಗಸು. ನಾಲ್ಕು ಜನರೆದುರು ಬಾಯಿ ತೆರೆಯಲು ನಾಚುವವರಿಗೆಲ್ಲ ಈ ಗುಣ ಇರುತ್ತದೋ ಏನೋ. ಕೇಳಿ ತಿಳಿದುಕೊಳ್ಳುವ ಧೈರ್ಯ ಇಲ್ಲದವರು ಊಹೆಯ ಮೇಲೆಯೇ ಬದುಕಬೇಕು. ಹಾಲು ಒಡೆದರೆ ಹಾಲಿನವನನ್ನು, ಅಂಗಳದ ತೆಂಗಿನಕಾಯಿ ಕಾಣದಿದ್ದರೆ ಆಚೆಮನೆಯವರನ್ನು ಮನಸ್ಸಿನಲ್ಲೇ ವಿಚಾರಣೆ ಮಾಡಿ, ಮನಸ್ಸಿನಲ್ಲೇ ಬಿಟ್ಟುಬಿಡುತ್ತೇನೆ. ಹಾಗಾಗಿ ನಮ್ಮ ಅಡುಗೆಮನೆಯ ಹೊಗೆ ಪೈಪು ಕೂಗತೊಡಗಿದಾಗ ನನಗೆ ಆರೋಪಿಗಳ ಬರಗಾಲ ಬರಲಿಲ್ಲ.

ಆ ಪೈಪನ್ನು ನೀವು ನೋಡಿದ್ದೀರಿ. ಹಳೆ ಒಲೆಯ ಮೂಲೆಯಿಂದ ಎದ್ದು ಹಂಚಿನ ಮಾಡು ದಾಟಿ ಹೋಗುವ ಸಿಮೆಂಟಿನ ಪೈಪು. ಹೊಗೆಯಿಲ್ಲದ ಒಲೆ ಎಂದು ಊರಿಗೆಲ್ಲ ಹಾಕಿಸಿಕೊಟ್ಟ ಕಾಲದ್ದು. ನಿಮ್ಮ ಅಮ್ಮ ಜ್ಯೋತಿ ಮದುವೆಯಾಗಿ ಬಂದ ವರ್ಷ ಮನೆಗೆ ಗ್ಯಾಸ್ ಬಂತು, ಒಲೆ ತಣ್ಣಗಾಯಿತು. ನಿಮ್ಮ ಅಜ್ಜ ಆಗಲೇ ಇರಲಿಲ್ಲ.

ಆ ವರ್ಷ ಮಳೆಗಾಲ ಮುಗಿದದ್ದೇ, ಮಧ್ಯಾಹ್ನ ಊಟವಾಗಿ ಚಾಪೆ ಹಾಸುವ ಹೊತ್ತಿಗೆ ಪೈಪಿನೊಳಗಿಂದ ಊಂ ಎಂದು ಸದ್ದು ಬರತೊಡಗಿತು. ಹೊಟ್ಟೆನೋವಿನವರು ನರಳಿದ ಹಾಗೆ. ಸಂಜೆಗೆ ತಾನಾಗಿ ನಿಲ್ಲುತ್ತಿತ್ತು. ಮೊದಲು ಬೆಕ್ಕಿನ ಮೇಲೆ ಸಂಶಯಪಟ್ಟೆ. ಬೆಕ್ಕು ನನ್ನ ಪಕ್ಕದಲ್ಲೇ ಮಲಗಿ ಪೈಪನ್ನೇ ನೋಡುತ್ತಿತ್ತು. ಆಮೇಲೆ ಗೂಬೆ, ಆಮೇಲೆ ಹೊಸ ಫ್ರಿಜ್ಜು. ಊರ ಶಾಲೆಯಲ್ಲಿ ಮೇಷ್ಟ್ರು ಖಾಲಿ ಸೀಸೆಯ ಬಾಯಿಗೆ ಅಡ್ಡ ಊದಿ ಸದ್ದು ಮಾಡಿ ತೋರಿಸಿದ್ದು ನೆನಪಿತ್ತು. ಕಡಲು ನಮಗೆ ಕೂಗಳತೆ ದೂರ, ಗಾಳಿ ಏಳುವುದೂ ಮಧ್ಯಾಹ್ನವೇ. ಆದರೆ ಸೀಸೆಯ ಪಾಠ ಬೆಳಗ್ಗಿನ ಬುದ್ಧಿಗೆ ಸರಿ, ಉಂಡು ಮಲಗಿದವಳ ಬುದ್ಧಿ ಬೇರೆ. ಯಾರಿಗೂ ಹೇಳದೆ, ಮಸಿ ತೆಗೆಯುವ ಕಿಂಡಿಯಿಂದ ನನ್ನದೊಂದು ಹಳೆ ಸೀರೆಯನ್ನು ಪೈಪಿನೊಳಗೆ ತುರುಕಿದೆ. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ. ಈಗ ಯಾರೋ ಗುಟ್ಟು ಹೇಳಿದ ಹಾಗೆ ಕೇಳುತ್ತಿತ್ತು. ನರಳುವುದಕ್ಕಿಂತ ಅದೇ ಕೆಟ್ಟದ್ದು.

ಅಷ್ಟರಲ್ಲಿ ಕೆರಾಡಿಯಿಂದ ಅತ್ತಿಗೆ ಬಂದರು, ನಿಮ್ಮ ಅಜ್ಜನ ಅಕ್ಕ. ಕಾಡಿನ ಬದಿಯವರು, ಕಡಲಗಾಳಿಯ ಗುರುತಿಲ್ಲ. ನನ್ನ ಸಂಶಯ ಹೊಟ್ಟೆಯೊಳಗೆ ಇರುವಂಥದ್ದು. ಅವರದ್ದು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಮಾತಾಡುವಂಥದ್ದು. ಎರಡು ಮಧ್ಯಾಹ್ನ ಕಿವಿಗೊಟ್ಟು ತೀರ್ಪು ಕೊಟ್ಟರು. "ಇದ್ ನನ್ ತಮ್ಮನ್ ಸ್ವರವೇ, ಹೆಣ್ಣೇ. ಒಲಿ ಆರ್ಸಿದ್ ಮನಿಯೊಳ್ಗ್ ಅವ್ನಿಗೆ ಎಲ್ಲಿ ಸಮಾಧಾನ?"

ಒಲೆ ಆರಿಸಿದವರು ಯಾರೆಂದು ಹೇಳಲಿಲ್ಲ. ಅಡುಗೆಮನೆಯ ಕಡೆ ನೋಡಿದರು, ಅಷ್ಟೆ. ಅಲ್ಲಿ ಜ್ಯೋತಿ ಗ್ಯಾಸಿನ ಮೇಲೆ ಅವರಿಗೇ ಚಾ ಕಾಯಿಸುತ್ತಿದ್ದಳು. ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಕವಡೆ ಹಾಕಿಸಿ, ತೀರಿಹೋದವನ ಮನಸ್ಸಲ್ಲಿ ಏನಿದೆ ಎಂದು ಕೇಳಬೇಕು ಎಂದರು. ಹುಡುಗಿ ನಗುವುದನ್ನು ಬಿಟ್ಟಳು. ಬ್ರಹ್ಮಾವರದ ತವರಿಗೆ ಸ್ವಲ್ಪ ದಿನ ಹೋಗುತ್ತೇನೆ ಅಂದಳು. ಸ್ವಲ್ಪ ದಿನ ಎಂದು ಹೋದವರು ಅಲ್ಲೇ ಉಳಿದದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಅಪ್ಪ ತನ್ನ ಸೋದರತ್ತೆಗೆ ಎದುರಾಡುವವನಲ್ಲ. ನಾನಂತೂ ಮದುವೆಯಾದಂದಿನಿಂದ ಅತ್ತಿಗೆಯೆದುರು ಹ್ಞೂಂ ಬಿಟ್ಟು ಬೇರೆ ಮಾತಾಡಿದವಳಲ್ಲ.

ಮರುದಿನ ಬೆಳಗ್ಗೆ ನೋಡಿದರೆ ಅಡುಗೆಮನೆ ತುಂಬ ಹೊಗೆ. ಹಿರಿಯರ ಮನಸ್ಸು ತಣಿಯಲೆಂದು ಜ್ಯೋತಿ ತೆಂಗಿನ ಗರಿ, ಸಿಪ್ಪೆ ಒಟ್ಟಿ ಹಳೆ ಒಲೆ ಹೊತ್ತಿಸಿದ್ದಳು. ಕಣ್ಣುಮೂಗಿನಿಂದ ನೀರು ಸುರಿಯುತ್ತಿದ್ದರೂ ಊದುತ್ತಲೇ ಇದ್ದಳು. ಅತ್ತಿಗೆ ಬಾಗಿಲಲ್ಲಿ ನಿಂತು, "ಕಾಣ್, ಹೊಗಿ ಸೈತ ಹೊರಗ್ ಹೋತಿಲ್ಲೆ. ತಮ್ಮ ತಡ್ದ್ ಹಿಡ್ಕಂಡಿದ" ಎಂದರು.

ತಡೆದು ಹಿಡಿದದ್ದು ನನ್ನ ಸೀರೆ. ಉರಿ ಹೊರಗೆಳೆದು, ಕಿಂಡಿಗೆ ಕೈ ಹಾಕಿ ಜಗ್ಗಿದೆ. ಹಸಿರು ಸೀರೆ ಕಪ್ಪಾಗಿ ಬಂತು. ಮೊಣಕೈವರೆಗೆ ಮಸಿ. ಅದನ್ನು ಹಿಡಿದುಕೊಂಡೇ, ಸ್ವರ ಎಲ್ಲಿಂದ ಬಂತೋ, ಹೇಳಿದೆ:

"ಅತ್ಗೆ, ಅವ್ರ್ ಬದ್ಕಿಪ್ಪಾಗ ಯಾರ್ ಮೇಲೂ ಒಂದ್ ದೂರ್ ಹೇಳ್ದವ್ರಲ್ಲ. ಸತ್ ಮೇಲೆ ಪೈಪಿನೊಳ್ಗ್ ಕೂಕಂಡ್ ನನ್ ಸೊಸಿ ಮೇಲ್ ದೂರ್ ಹೇಳ್ತ್ರಾ?"

ಅತ್ತಿಗೆ ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮನ ಸ್ವಭಾವ ಅವರಿಗೂ ಗೊತ್ತಿತ್ತು. ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಂಡು ಎದ್ದ ಮನುಷ್ಯ. "ಅದ್ ಹೌದ್" ಎಂದರು ಕೊನೆಗೆ. ಪ್ರಶ್ನೆಯ ಮಾತು ಅಲ್ಲಿಗೇ ನಿಂತಿತು. ಜ್ಯೋತಿ ತವರಿಗೆ ಹೋಗಲಿಲ್ಲ.

ನಿಮ್ಮ ಅಪ್ಪ ಅದೇ ದಿನ ಮಾಡು ಹತ್ತಿದ. ಪೈಪಿನ ತಲೆಯ ತಗಡಿನ ಟೊಪ್ಪಿ ತುಕ್ಕು ಹಿಡಿದು ಮಳೆಗಾಲದಲ್ಲಿ ಹಾರಿಹೋಗಿತ್ತು. ಟೊಪ್ಪಿ ಹೋದದ್ದೂ ಸೊಸೆ ಬಂದದ್ದೂ ಒಂದೇ ವರ್ಷ. ನಾವು ಬಂದವಳನ್ನು ಕಂಡೆವು, ಹೋದದ್ದನ್ನು ಕಾಣಲಿಲ್ಲ. ಮನೆಯಲ್ಲಿ ಏನು ಸದ್ದಾದರೂ ಹೊಸಬರ ಕಡೆ ತಿರುಗುವುದು ಕಿವಿಯ ಹಳೇ ಚಾಳಿ. ನಿಮ್ಮ ಅಪ್ಪ ಪೈಪಿನ ತಲೆಗೆ ಒಂದು ಮಡಕೆ ಬೋರಲು ಹಾಕಿ ತಂತಿಯಲ್ಲಿ ಬಿಗಿದ. ಸದ್ದು ನಿಂತಿತು.

ಮುಂದಿನ ಸಲ ಬಂದಾಗ ಅತ್ತಿಗೆ ಮಧ್ಯಾಹ್ನವೆಲ್ಲ ಪೈಪಿನ ಕಡೆ ಕಿವಿಯಿಟ್ಟು ಕೂತರು. ಸದ್ದಿಲ್ಲದ್ದೂ ಅವರಿಗೆ ಸಂಶಯವೇ. ಇವ ಎಂತಕ್ಕೆ ಸುಮ್ಮನಾದ ಎಂದು ನನ್ನನ್ನು ಕೇಳಿದರು. ನಾನು ಹ್ಞೂಂ ಎನ್ನುವುದರೊಳಗೆ ಜ್ಯೋತಿ ಚಾ ಲೋಟವನ್ನು ಅವರ ಮುಂದಿಟ್ಟು ಹೇಳಿದಳು:

"ಮಾವಯ್ಯ ಉಂಡ್ಕಂಡ್ ಮನಿಕಂಡಿದ್ರ್ ಕಾಣತ್ತ್, ಅತ್ತೆ. ಮೆಲ್ಲ ಮಾತಾಡಿ."

ಅತ್ತಿಗೆ ನಗಲಿಲ್ಲ. ಆದರೆ ಅಂದಿನಿಂದ ನಮ್ಮಲ್ಲಿಗೆ ಬಂದಾಗ ಮಧ್ಯಾಹ್ನ ಮೆಲ್ಲನೆಯೇ ಮಾತಾಡುತ್ತಾರೆ.