ರುದ್ರಭೂಮಿಯ ತಿರುವು

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಕೊಡುತ್ತೇವೆ. ನನ್ನ ಯಜಮಾನರನ್ನೂ ಹಾಗೆಯೇ ಕೂರಿಸಿದ್ದೆವು, ಹರಿಹರದ ರಸ್ತೆ ಮಗ್ಗುಲಿನ ನಮ್ಮೂರ ರುದ್ರಭೂಮಿಯಲ್ಲಿ. ಆ ರಸ್ತೆಯ ತಿರುವಿನಲ್ಲೇ, ಎದುರಿಗೆ ಬಂದ ಲಾರಿ ಕಾಣದೆ, ಅವರ ಜೀವ ಹೋದದ್ದು.

ಮುಂದೆ ನಾನು ಪಂಚಾಯ್ತಿ ಅಧ್ಯಕ್ಷೆಯಾದಾಗ ಸರ್ಕಾರ ಆ ತಿರುವನ್ನು ನೇರ ಮಾಡಲು ಹೊರಟಿತು. ಅಳತೆ ಮಾಡಿ ಕಲ್ಲು ನೆಟ್ಟರೆ ಯಜಮಾನರನ್ನು ಕೂರಿಸಿದ ಗದ್ದುಗೆ ಸರಿಯಾಗಿ ಹೊಸ ರಸ್ತೆಯ ನಡುವೆ. ಜಾಗ ಪಂಚಾಯ್ತಿಯದು, ನಮ್ಮ ಒಪ್ಪಿಗೆ ಬೇಕು. ಇಂಜಿನಿಯರ್ ಸಾಹೇಬರು ಜೀಪಿನಿಂದ ಇಳಿದವರೇ, "ಮೇಡಂ, ಲಗೂನ ಠರಾವು ಮಾಡಿಸ್ರಿ. ಇಲ್ಲಾಂದ್ರೆ ಮೇಲಿಂದ ಆರ್ಡರ್ ತರ್ತೀವಿ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಮೇಲಿಂದ ತರೋರು ನಮ್ಮ ಬಾಗ್ಲಿಗೆ ಯಾಕ ಬಂದ್ರಿ? ಹೋಗ್ರಿ, ಅಲ್ಲೇ ಕೇಳ್ಕೊಳ್ರಿ!"

ಅವರು ದನಿ ತಗ್ಗಿಸಿದರು. "ರಸ್ತೆ ಗದ್ದುಗೆ ಬಳಸಿ ಹೋದ್ರೆ ತಿರುವು ಹಂಗೇ ಉಳೀತೈತೆ, ಮೇಡಂ."

ಮನೆಯಲ್ಲಿ ಅತ್ತೆಗೆ ಹೇಳಿದೆ. "ಉಣ್ಣಾಕ ಕುಂತೋರನ್ನೇ ನಾವು ಎಬ್ಬಿಸಂಗಿಲ್ಲ. ನನ್ನ ಮಗನ್ನ ಎಬ್ಬಿಸ್ತೀಯೇನವ್ವಾ?" ಎಂದರು.

"ಅವರು ಬಿದ್ದಲ್ಲೇ ಇನ್ನೊಬ್ಬರ ಮಗ ಬಿದ್ರೆ ಯಾರಿಗೆ ಮುಖ ತೋರಿಸ್ಲಿ, ಅತ್ತೀ?"

ಅವರು ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದರು. ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಸಭೆಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಹಿರಿಯರೂ ಅದೇ ರುದ್ರಭೂಮಿಯಲ್ಲಿ ಕೂತಿದ್ದರಲ್ಲ. ಒಪ್ಪಿಗೆ ಕೊಟ್ಟೆವು. ಆದರೆ ಒಂದು ಷರತ್ತು ಹಾಕಿಸಿದೆ: ಊರವರು ತಮ್ಮವರನ್ನು ತಾವೇ ತೆಗೆದು ಬೇರೆಡೆ ಕೂರಿಸುವ ತನಕ ಜೆಸಿಬಿ ಒಳಗೆ ಬರುವಂತಿಲ್ಲ. ಸಾಹೇಬರು ಗೊಣಗಿದರು, ಕಾದರು.

ಮೊದಲ ಹಾರೆ ಬಿದ್ದದ್ದು ನಮ್ಮ ಗದ್ದುಗೆಗೇ. ಬರುವುದಿಲ್ಲ ಎಂದಿದ್ದ ಅತ್ತೆ ಬಂದರು. ಕುಣಿಯ ಅಂಚಿನಲ್ಲಿ ಕೂತು, ಮಗನನ್ನು ಚಿಕ್ಕಂದಿನಲ್ಲಿ ಹೇಗೆ ಎಬ್ಬಿಸುತ್ತಿದ್ದರೋ ಹಾಗೆ, "ಏಳಪ್ಪಾ, ಬೆಳಕಾತು," ಎಂದರು. ಊರ ಗಂಡಸರೆಲ್ಲ ಹಾರೆ ನಿಲ್ಲಿಸಿ ತಲೆ ತಗ್ಗಿಸಿದರು.

ಈಗ ಹರಿಹರದ ಬಸ್ಸು ಅಲ್ಲಿ ನಿಧಾನ ಮಾಡುವುದಿಲ್ಲ. ಮಗನ ಗದ್ದುಗೆ ಇದ್ದ ಜಾಗ ಬಂದ ಕೂಡಲೇ ಅತ್ತೆ ಮಾತ್ರ ಕಂಬಿ ಹಿಡಿದು ಎದ್ದು ನಿಲ್ಲುತ್ತಾರೆ. "ಕೂಡ್ರಿ ಅಮ್ಮಾ, ಸ್ಟಾಪ್ ಇನ್ನೂ ದೂರ ಐತೆ," ಎನ್ನುತ್ತಾನೆ ಕಂಡಕ್ಟರ್. ಅದು ದಾಟುವ ತನಕ ಅವರು ಕೂರುವುದಿಲ್ಲ.