ರೈನಾಳ ಪಾಲಿಗೆ ಬಂದ ಮಾದಲ ಹಣ್ಣು

ಜೆರೂಸಲೇಮಿನ ಆ ವಠಾರದಲ್ಲಿ ರೈನಾ ಒಂದು ಕಡೆ ಕೂತಿದ್ದನ್ನು ಕಂಡವರಿಲ್ಲ. ಯಹೂದಿಗಳ ಚಪ್ಪರದ ಹಬ್ಬ ಮುಗಿಯುತ್ತಲೇ, ಪ್ರಾರ್ಥನೆಯಲ್ಲಿ ಹಿಡಿದಿದ್ದ ಆರೂ ಮನೆಯ ಮಾದಲ ಹಣ್ಣುಗಳು ಮುರಬ್ಬಕ್ಕೆಂದು ಅವಳ ಅಡುಗೆಮನೆಗೆ ಬರುತ್ತಿದ್ದವು. ಕಹಿ ಹೋಗಬೇಕಾದರೆ ಹೋಳುಗಳನ್ನು ಏಳು ದಿನ ನೀರಲ್ಲಿ ನೆನೆಸಬೇಕು. ಈ ಮಹಾತಾಯಿಗೆ ಅಷ್ಟು ತಾಳ್ಮೆ ಎಲ್ಲಿಯದು? ಗಳಿಗೆಗೊಮ್ಮೆ ನೀರು ಬದಲಿಸಿ ಮೂರೇ ದಿನಕ್ಕೆ ಒಲೆಗೇರಿಸುತ್ತಿದ್ದಳು. ಹೆರಿಗೆ ಸಲೀಸಾಗುತ್ತದೆಂದು ಬಸುರಿಯರು ಆ ಕಹಿ ಮುರಬ್ಬವನ್ನು ಮುಖ ಕಿವುಚಿಕೊಂಡೇ ತಿನ್ನುತ್ತಿದ್ದರು.

ಯುದ್ಧದ ವರ್ಷ ಇಡೀ ವಠಾರಕ್ಕೆ ಸಿಕ್ಕಿದ್ದು ಒಂದೇ ಹಣ್ಣು, ಮುದುಕ ಶಬ್ತಾಯಿಯದು. ಹಬ್ಬದ ಮೊದಲ ದಿನ ಸ್ವಂತದ ಹಣ್ಣನ್ನೇ ಹಿಡಿದು ಪ್ರಾರ್ಥಿಸಬೇಕಲ್ಲ. ಅದಕ್ಕೇ ಅವನು ಒಬ್ಬೊಬ್ಬರಿಗೂ ಹಣ್ಣನ್ನು ದಾನ ಕೊಡುವುದು, ಅವರು ಪ್ರಾರ್ಥನೆ ಮುಗಿಸಿ ವಾಪಸ್ ಕೊಡುವುದು ಎಂದು ಮಾತಾಗಿತ್ತು.

ಆ ಮೊದಲ ದಿನದ ಬೆಳಿಗ್ಗೆಯೇ ರೈನಾಳ ಸೊಸೆ ಲೂನಾಗೆ ನೋವು ಶುರುವಾಯಿತು. ಹಿಂದಿನ ಎರಡು ಮಕ್ಕಳೂ ಹುಟ್ಟುವಾಗಲೇ ಸತ್ತಿದ್ದವು. ಸೂಲಗಿತ್ತಿಯನ್ನು ಒಳಗೆ ಬಿಟ್ಟು, ಕಾದ ನೀರನ್ನೇ ಮತ್ತೆ ಕಾಯಿಸಿ, ಬಾಗಿಲಿಗೂ ಒಲೆಗೂ ಹತ್ತು ಸಲ ತಿರುಗಿ, ರೈನಾ ಕೊನೆಗೆ ಅಂಗಳಕ್ಕೆ ಓಡಿದಳು.

“ಶಬ್ತಾಯಣ್ಣ, ಹಣ್ಣು ಕೊಡಿ. ಲೂನಾ ಅದರ ತುದಿ ಕಚ್ಚಲಿ.”

“ತುದಿ ಹೋದ್ರೆ ಇವತ್ತು ಆ ಹಣ್ಣು ಯಾರ ಪ್ರಾರ್ಥನೆಗೂ ಬರಲ್ಲ ಕಣಮ್ಮ. ಇಲ್ಲಿ ಇನ್ನೂ ಒಬ್ರದ್ದೂ ಆಗಿಲ್ಲ. ಕಚ್ಚಿದ್ರೆ ಹೆರಿಗೆ ಸಲೀಸು ಅಂತ ಯಾವ ಪುಸ್ತಕದಲ್ಲಿದೆ?”

“ಪುಸ್ತಕ ಬರೆದೋರು ಯಾರಾದ್ರೂ ಹೆತ್ತಿದ್ರಾ?”

ಪ್ರಾರ್ಥನೆಗೆ ಕಾದು ನಿಂತಿದ್ದ ಗಂಡಸರು ದಾರಿ ಬಿಟ್ಟರು. ಶಬ್ತಾಯಿ ಸುತ್ತಿಟ್ಟಿದ್ದ ಹತ್ತಿಯೊಳಗಿಂದ ಹಣ್ಣು ತೆಗೆದು ಅವಳ ಅಂಗೈಯಲ್ಲಿಟ್ಟ.

“ತಗೋ. ವಾಪಸ್ ಕೊಡು ಅನ್ನಲ್ಲ. ಇದು ನಿಂದೇ.”

ಹಣ್ಣು ನೋಡಿದ್ದೇ ಲೂನಾ ಮುಖ ತಿರುಗಿಸಿದಳು. “ಹೋದ ಎರಡು ಸಲವೂ ಕಚ್ಚಿದ್ದೆನಲ್ಲ ಅತ್ತೆ. ಎರಡು ಸಲವೂ ನೀವು ಹೊರಗೇ ಓಡಾಡ್ತಿದ್ರಿ. ಈ ಸಲ ನನ್ನ ಹತ್ರ ಕೂತ್ಕೊಳ್ಳಿ.”

ಆ ಕೋಣೆಯಲ್ಲಿ ಕೂತರೆ ಏನನ್ನು ನೋಡಬೇಕಾಗುತ್ತದೋ ಎಂಬ ಭಯಕ್ಕೇ ರೈನಾ ಅಷ್ಟೆಲ್ಲ ಓಡಾಡಿದ್ದು. ಕಿಟಕಿಯಿಂದ ಕೈಚಾಚಿ ಹಣ್ಣನ್ನು ಮುದುಕನಿಗೆ ಕೊಟ್ಟಳು.

“ನಾನು ದಾನ ಕೊಟ್ಟಿದ್ದೀನಿ. ಎಲ್ರದ್ದೂ ಆದ್ಮೇಲೆ ವಾಪಸ್ ಬೇಕು ನಂಗೆ.”

ಹೊರಗೆ ಹಣ್ಣು ಕೈಯಿಂದ ಕೈಗೆ ಹೋಯಿತು. ಒಳಗೆ ರೈನಾ ಲೂನಾಳ ಕೈ ಹಿಡಿದು ಕೂತಳು. ನೀರು ತರುವ ನೆಪ ತೆಗೆದಳು, ಬಟ್ಟೆ ತರುವ ನೆಪ ತೆಗೆದಳು. ಲೂನಾ ಹಿಡಿತ ಬಿಗಿ ಮಾಡಿದಳು. ಮಧ್ಯಾಹ್ನ ಮಗು ಅಳುವ ಹೊತ್ತಿಗೆ ರೈನಾಳ ಬೆರಳುಗಳು ಮರಗಟ್ಟಿದ್ದವು. ಸೊಸೆ ಕೈ ಬಿಟ್ಟಿರಲಿಲ್ಲ, ಅತ್ತೆಯೂ ಎದ್ದಿರಲಿಲ್ಲ.