ದೃಷ್ಟಿ ತೆಗೆದ ತಪ್ಪಿಗೆ

ಯಲ್ದೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವೆಂಕಟರತ್ನಮ್ಮನವರ ಬಚ್ಚಲಲ್ಲಿ ಹಂಡೆಯ ನೀರು ಆಗಲೇ ಕಾದಿದೆ. ದೊಡ್ಡಗಂಗಮ್ಮ ಕಾಲು ಚಾಚಿ ಕೂತು, ಆ ಮನೆಯ ಎಳೆಗೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಹರಳೆಣ್ಣೆ ತೀಡುತ್ತಿದ್ದಾಳೆ. ಕೂಸು ಸೂರು ಹಾರಿಹೋಗುವಂತೆ ಅರಚುತ್ತಿದೆ. "ಅಳಮ್ಮಾ, ಅಳು, ಅತ್ತಷ್ಟೂ ಒಳ್ಳೆ ನಿದ್ದೆ ಬರ್ತದೆ" ಎನ್ನುತ್ತಾ ಆಕೆ ಬಿಸಿನೀರು ಹುಯ್ಯುತ್ತಾಳೆ.

ನೀರು, ಸಾಂಬ್ರಾಣಿ ಹೊಗೆ ಎಲ್ಲ ಮುಗಿದು ಮನೆಯಾಕೆ ಉಪ್ಪು, ಒಣಮೆಣಸಿನಕಾಯಿ ತಂದಾಗ ಮಾತ್ರ ದೊಡ್ಡಗಂಗಮ್ಮ ಎದ್ದುಬಿಡುತ್ತಾಳೆ. "ದಿಷ್ಟಿ ನೀವೇ ತೆಗೀರಮ್ಮ. ನನ್ ಕೈಲಿ ಬೇಡ." ಊರಿನ ಅರ್ಧ ಮಕ್ಕಳಿಗೆ ದೃಷ್ಟಿ ತೆಗೆದ ಕೈ ಅದು. ಒಂದು ತಿಂಗಳಿಂದ ಅದಕ್ಕೆ ಭಯ ಹೊಕ್ಕಿದೆ.

ಗಂಡ ತೀರಿಕೊಂಡ ಮೇಲೆ ಈ ಕೆಲಸವೇ ಮನೆ ನಡೆಸಿದ್ದು. ಮಧ್ಯಾಹ್ನದೊಳಗೆ ನಾಲ್ಕೈದು ಬಾಣಂತಿಯರ ಮನೆ, ಪ್ರತಿಫಲಕ್ಕೆ ಒಂದಿಷ್ಟು ರಾಗಿ, ಹಳೆ ಸೀರೆ. ಮಗಳು ಆಂಜಿನಮ್ಮ ಇದೇ ವಿದ್ಯೆ ಕಲಿತು, ಎಂಬತ್ತಮೂರರ ಯುಗಾದಿ ಕಳೆದ ಮೇಲೆ ಕುವೈತಿಗೆ ಹೋದಳು, ಅಲ್ಲಿಯವರ ಮಗು ನೋಡಿಕೊಳ್ಳಲು. ಅವಳ ಸ್ವಂತ ಮಗಳು ಈಗ ಅಜ್ಜಿಯ ಹತ್ತಿರ. ಅಜ್ಜಿ ಕೆಲಸಕ್ಕೆ ಹೊರಟರೆ ಪಕ್ಕದ ಮನೆಯ ಆದಿಲಕ್ಷ್ಮಮ್ಮನ ಹತ್ತಿರ. ಮಗು ಒಬ್ಬ ಹೆಂಗಸಿನ ಕಂಕುಳಿಂದ ಇನ್ನೊಬ್ಬ ಹೆಂಗಸಿನ ಕಂಕುಳಿಗೆ ದಾಟುತ್ತದೆಯೇ ಹೊರತು ಗಂಡಸರ ಕೈಗೆ ಅಪ್ಪಿತಪ್ಪಿಯೂ ಬರುವುದಿಲ್ಲ. ಅಳಿಯ ಸೊಣ್ಣಪ್ಪ ಸಂಜೆ ಹೊತ್ತು ಬಂದು, "ಏನಾದ್ರೂ ಸುದ್ದಿ ಬಂತಾ ಅತ್ತೆ?" ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಾನೆ. ಅವನ ಜವಾಬ್ದಾರಿ ಅಲ್ಲಿಗೆ ಮುಗಿಯಿತು.

ಕೆಟ್ಟ ಸುದ್ದಿ ತಂದವಳು ಮುಳಬಾಗಿಲಿನ ಶಾಮಲಮ್ಮ, ಕುವೈತಿನಲ್ಲಿ ಆಂಜಿನಮ್ಮನ ಪಕ್ಕದ ಮನೆಯ ಅಡುಗೆಯವಳು. ಹೋದ ತಿಂಗಳು ರಜೆಗೆ ಬಂದಾಗ ಹೇಳಿದಳು. ಆಂಜಿನಮ್ಮ ಇದ್ದ ಮನೆಯ ಮಗು ರಚ್ಚೆ ಹಿಡಿದಿತ್ತಂತೆ. ಆಂಜಿನಮ್ಮ ದೃಷ್ಟಿ ತೆಗೆಯಲು ಹೊರಟಳು. ನಮ್ಮಲ್ಲಾದರೆ ಉಪ್ಪು ಮೆಣಸಿನಕಾಯಿಗೆ ಬಾಗಿಲ ಮುಂದಿನ ಚಿಟಿಕೆ ಮಣ್ಣು ಸೇರಿಸುತ್ತಾರೆ. ಅಲ್ಲಿ ನೆಲವೆಲ್ಲ ಹಾಲುಗಲ್ಲು. ಮಣ್ಣಿಗೆ ಬದಲು ಮಗುವಿನದೇ ಒಂದೆಳೆ ಕೂದಲು ಸೇರಿಸಿ, ನಿವಾಳಿಸಿ, ಒಲೆಯ ಉರಿಗೆ ಹಾಕಿದಳು. ಮನೆಯೊಡತಿ ನೋಡಿಬಿಟ್ಟಳು. ಮಾಟ ಮಾಡುತ್ತಿದ್ದಾಳೆಂದು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಪಾಸ್‌ಪೋರ್ಟು ಯಜಮಾನನ ಬೀರುವಿನಲ್ಲಿದೆ. ಪೊಲೀಸರಿಗೆ ಒಪ್ಪಿಸುವ ಮಾತೂ ನಡೆದಿತ್ತಂತೆ. ಆಮೇಲೇನಾಯಿತೋ ಶಾಮಲಮ್ಮನಿಗೂ ಗೊತ್ತಿಲ್ಲ.

"ಬಸ್ ಹತ್ತಿಸೋವಾಗ ನಾನೇ ಹೇಳ್ದೆ, ನೀರು ಹಾಕಿದ್ಮೇಲೆ ದಿಷ್ಟಿ ತೆಗೀದೆ ಮಲಗಿಸ್ಬೇಡ ಕಣೇ ಅಂತ," ಎನ್ನುತ್ತಾಳೆ ದೊಡ್ಡಗಂಗಮ್ಮ. "ನನ್ ಮಾತೇ ಅವಳ ಕುತ್ತಿಗೆಗೆ ಬಂತು."

ಕಳಿಸಿಕೊಟ್ಟ ಏಜೆಂಟ್ ಮಾಲೂರಿನ ಮನೆಗೆ ಬೀಗ ಜಡಿದು ಎಲ್ಲೋ ಹೋಗಿದ್ದಾನೆ. ಕೋಲಾರದ ಕಚೇರಿಗಳಲ್ಲಿ ಯಾರನ್ನು ಕೇಳಬೇಕೆಂದೂ ಆಕೆಗೆ ತಿಳಿಯದು. ಮನೆ ಮುಂದೆ ಸೈಕಲ್ ನಿಂತರೆ, ಟೆಲಿಗ್ರಾಂ ಬಂತೇನೋ ಎಂದು ಬಾಗಿಲಿಗೆ ಓಡುತ್ತಾಳೆ. ತಾಯಿಯ ಕೈ ದೊಡ್ಡದೆಂದು ವೇದಿಕೆಯ ಮೇಲೆ ಹೊಗಳುವವರಿಗೇನೂ ಬರವಿಲ್ಲ. ಆ ಕೈಯನ್ನು ವಿಮಾನ ಹತ್ತಿಸಿದ ಮೇಲೆ ಅದರ ಗತಿ ಏನಾಯಿತೆಂದು ಕೇಳುವವರು ಒಬ್ಬರೂ ಇಲ್ಲ.

ಆಕೆಗಿರುವುದು ಒಂದೇ ಆಸೆ. ಹೇಳುವಾಗ ತಲೆ ತಗ್ಗುವುದಿಲ್ಲ.

"ಅವರ ಭಾಷೆ ಬರೋರು ಯಾರಾದ್ರೂ ಆ ಮನೆ ಯಮ್ಮನಿಗೆ ಒಂದ್ ಮಾತು ಹೇಳ್ಬೇಕು. ಕೂಲಿಗೆ ಬಂದೋಳು ನೀರು ಹಾಕ್ತಾಳೆ, ಹಾಲು ಕುಡಿಸ್ತಾಳೆ, ಸುಮ್ಕಾಗ್ತಾಳೆ. ಮಗು ನಮ್ದೇ ಅನ್ನಿಸ್ದೆ ಯಾರೂ ದಿಷ್ಟಿ ತೆಗೆಯಲ್ಲ. ನನ್ ಮಗಳು ಮಾಡಿದ ತಪ್ಪು ಅದೊಂದೇ."